ಎರಡು ಬೆರಳು ನೆರಳು

ನಿಜ್ವಾ ಬಿಟ್ಟಾಗ ಇನ್ನೂ ನಸುಗತ್ತಲು.
ಶುಕ್ರವಾರ. ಜನವರಿ. ಬಾಯಿಂದ ಹೊಗೆ ಬರುವಷ್ಟು ಚಳಿ,
ಅದೂ ಗಲ್ಫಿನಲ್ಲಿ. ಹೇಳಿದರೆ ಊರಲ್ಲಿ ಯಾರೂ ನಂಬುವುದಿಲ್ಲ.
ಪ್ರಾಸ್ಪರನದು ಇಪ್ಪತ್ತೊಂದು ಗೇರು; ಆಸಾಮಿ ಕಿನ್ನಿಗೋಳಿ,
ಹೆಲ್ಮೆಟ್ಟು ಜರ್ಮನಿ.
ನನ್ನದು, ಮನಿಲಾಕ್ಕೆ ವಾಪಸು ಹೊರಟ ನರ್ಸೊಬ್ಬಳು
ಹನ್ನೆರಡು ರಿಯಾಲಿಗೆ ಬಿಟ್ಟುಕೊಟ್ಟ ನೇರಳೆ ಬಣ್ಣದ್ದು,
ಮುಂದೊಂದು ಬುಟ್ಟಿ, ಬೆಲ್ಲಿಗೆ ನಾಲಿಗೆಯಿಲ್ಲ.

ಹೆದ್ದಾರಿ ತೊರೆದು ತೋಟಗಳಿಗೆ ಇಳಿದ ಮೇಲೆ
ಫಲಜ್ ಸಿಕ್ಕಿತು.
ಮೊಳದಗಲದ ಕಾಲುವೆ. ಬೆಟ್ಟದ ಹೊಟ್ಟೆಯೊಳಗೆ ತೆವಳಿ
ಯಾರೋ ಯಾವ ಕಾಲದಲ್ಲೋ
ಕೈಹಿಡಿದು ಹೊರಗೆ ಕರೆತಂದ ನೀರು.
ಅದಕ್ಕೆ ಅವಸರವಿಲ್ಲ, ನಮಗೂ.
ಪಕ್ಕದ ಮಣ್ಣುದಾರಿಯಲ್ಲಿ
ಅದು ಹೋದಷ್ಟೇ ಬೇಗ ನಾವೂ ಹೋದೆವು.
ಮೇಲೆ ಖರ್ಜೂರದ ಗರಿ, ಕೆಳಗೆ ನಿಂಬೆ, ಅದಕ್ಕೂ ಕೆಳಗೆ
ಕುದುರೆಮೆಂತ್ಯದ ಹಸಿರು, ಹಸಿರೊಳಗೊಂದು ಮೇಕೆ
ಕದ್ದು ಮೇಯುತ್ತ
ನಾವೇ ಕಳ್ಳರೆಂಬಂತೆ ನೋಡಿತು.

ವಾರವಿಡೀ ನಾನು ತಂಪು ರಿಪೇರಿ ಮಾಡುವವನು.
ಏಣಿ, ಗ್ಯಾಸಿನ ಸಿಲಿಂಡರು, ತಾರಸಿಯ ಕಾದ ತಗಡು.
ಒಳಗಿನವರಿಗೆ ಹದಿನೆಂಟು ಡಿಗ್ರಿ ಆಗಲೆಂದು
ಹೊರಗೆ ನಲವತ್ತೆಂಟರಲ್ಲಿ ನಿಲ್ಲುವವನು.
ಇಲ್ಲಿ ತಂಪು, ಮೀಟರಿಲ್ಲದೆ,
ಕಣಕಾಲಿನ ಎತ್ತರದಲ್ಲಿ ಹರಿಯುತ್ತಿತ್ತು.

ಅದನ್ನೇ ನೋಡುತ್ತಿದ್ದೆ. ತಪ್ಪಾದದ್ದು ಅಲ್ಲೇ.
ತಿರುವಿನಲ್ಲಿ ಒಂದು ಖರ್ಜೂರದ ಬುಡ
ಹ್ಯಾಂಡಲ್ಲಿಗೆ ಭುಜ ಕೊಟ್ಟಿತು.
ನಾನು ಆಚೆ, ಸೈಕಲ್ಲು ಕಾಲುವೆಗೆ ಅಡ್ಡ,
ಬುಟ್ಟಿಯಲ್ಲಿದ್ದ ದಪ್ಪ ಕೋಟು ನೀರು ಕುಡಿದು ಉಬ್ಬಿ
ಒಡ್ಡು ಕಟ್ಟಿದ ಹಾಗೆ ಕೂತಿತು.
ಪ್ರಾಸ್ಪರ್ ಮೊದಲು ಫೋಟೋ ತೆಗೆದ, ಆಮೇಲೆ ಕೈ ನೀಡಿದ.
ಅಷ್ಟರಲ್ಲಿ ನೀರು ದಂಡೆ ಹತ್ತಿ
ಯಾರದೋ ನಿಂಬೆಗಿಡಗಳ ಬುಡಕ್ಕೆ ನುಗ್ಗಿಯಾಗಿತ್ತು.

ಹುಮೈದ್ ಅಜ್ಜ ಓಡಿ ಬರಲಿಲ್ಲ, ನಡೆದು ಬಂದ.
ನಮ್ಮನ್ನು ನೋಡಲಿಲ್ಲ.
ಬಯಲಲ್ಲಿ ನೆಟ್ಟ ಕಬ್ಬಿಣದ ಕೋಲಿನ ನೆರಳು ನೋಡಿದ,
ನೆಲದಲ್ಲಿ ಸಾಲಿಟ್ಟ ಕಲ್ಲು ನೋಡಿದ,
ಬಗ್ಗಿ ಬೆರಳಿಟ್ಟು ಅಳೆದ. ಎರಡು.
ಎರಡು ಬೆರಳು ನೆರಳಿನಷ್ಟು ನೀರು,
ಜುವೈನಾಳ ಪಾಲಿನದು, ಪೋಲು.
ಇಷ್ಟನ್ನು ಅರ್ಧ ಹಿಂದಿಯಲ್ಲಿ, ಅರ್ಧ ಗಡ್ಡದಲ್ಲಿ ಹೇಳಿದ.
ನಾನು ಪರ್ಸು ತೆಗೆದೆ.
ಅದನ್ನೂ ನೋಡಲಿಲ್ಲ.

ತೀರ್ಪು ಹೀಗಾಯಿತು:
ಇದು ಪಾಳಿ ಬದಲಾಗುವ ಹೊತ್ತು, ಮುಂದಿನ ಪಾಳಿ ಅಜ್ಜನದೇ.
ಅವನ ತೋಟದ ಬಾಯಿಗೆ ನಾನು ಕಾಲು ಅಡ್ಡ ಕೊಟ್ಟು ಕೂರಬೇಕು,
ನೆರಳು ಎರಡು ಬೆರಳು ಸರಿಯುವ ತನಕ
ನೀರು ಜುವೈನಾಳ ಮೆಂತ್ಯಕ್ಕೇ ಹೋಗಬೇಕು.
ಮುಚ್ಚಲು ಕಲ್ಲಿತ್ತು. ಚಿಂದಿಬಟ್ಟೆಯೂ ಇತ್ತು.
ಆದರೂ ಕಾಲು.

ಕೂತೆ. ಮೀನಮರಿಗಳು ಹಿಮ್ಮಡಿಯ ರುಚಿ ನೋಡಿದವು.
ಅಜ್ಜ ಕಾಫಿ ಬಗ್ಗಿಸಿದ, ಏಲಕ್ಕಿ ಹಾಕಿದ ಕಹಿ.
ಪ್ರಾಸ್ಪರ್ ಎಂಟನೆಯ ಖರ್ಜೂರ ತಿನ್ನುತ್ತ
ನನ್ನ ಪಾಪಗಳ ಬಗ್ಗೆ ಪಾದ್ರಿಯಂತೆ ಮಾತಾಡಿದ.

ಶ್ರೀನಿವಾಸಪುರದ ಕಡೆ ನಮ್ಮ ತಾತ ನೀರಗಂಟಿ.
ಸನಿಕೆ ಹಿಡಿದು ತೂಬಿನ ಬಳಿ ನಿಂತನೆಂದರೆ
ಪಟೇಲನೂ ಸರದಿಗೆ ಕಾಯಬೇಕಿತ್ತಂತೆ.
ನಾನು ಕಂಡದ್ದು ಗೋಡೆಗೊರಗಿಸಿದ ಸನಿಕೆ ಮಾತ್ರ,
ಅದೂ ಒಂದು ದಿನ ಸಿಮೆಂಟು ಕಲಸಲು ಹೋಯಿತು.

ಆ ಶಬ್ದ ಹೇಳಿದೆ ಅಜ್ಜನಿಗೆ.
ಪ್ರಾಸ್ಪರನನ್ನು ಬಂದಾಗಿನಿಂದ ಬ್ರಾಸ್ಬರ್ ಎನ್ನುತ್ತಿದ್ದ ಬಾಯಿ
ಇದನ್ನು ಒಂದೇ ಸಲಕ್ಕೆ ಹಿಡಿಯಿತು, ‘ಟಿ’ ಮಾತ್ರ ಕೊಂಚ ಮೆತ್ತಗೆ.
ಎದೆ ಮುಟ್ಟಿಕೊಂಡು: ಅರೀಫ್.
ನನ್ನ ಕಾಲು ತೋರಿಸಿ: ನೀರಗಂತಿ.

ನಕ್ಕೆವು. ಕಾಲು ತೆಗೆಯಹೋದೆ.
ಬೆರಳೆತ್ತಿ ತಡೆದ. ಇನ್ನೂ ಅರ್ಧ ಬಾಕಿ.

ಗೋಡೆಯಾಚೆ ಹೆಂಗಸಿನ ದನಿ ಏನೋ ಕೂಗಿತು,
ನೀರು ಬಂತೆಂದೋ ಸಾಕೆಂದೋ, ತಿಳಿಯಲಿಲ್ಲ.
ಅಜ್ಜ ನೆರಳು ನೋಡಿ ತಲೆಯಾಡಿಸಿದ.

ವಾಪಸು ಬರುವಾಗ ಎಡಗಾಲು ಒಣ, ಬಲಗಾಲು ಒದ್ದೆ.
ಪೆಡಲಿನ ಪ್ರತಿ ಸುತ್ತಿಗೂ
ಒಂದೇ ಬೂಟಿನಿಂದ ಚಪ್ ಎಂದು ಸದ್ದು.
ನಾಲಿಗೆಯಿಲ್ಲದ ಬೆಲ್ಲಿಗೆ ಅದೇ ಆಯಿತು,
ಮೇಕೆ ದಾರಿ ಬಿಟ್ಟಿತು.